ನಮ್ಮ ಪಾಳಿ ಬಂದಾಗ ಯಾರನ್ನ ಕೂಗೋದು?

2008ರಲ್ಲಿ ಐಪಿಎಲ್ ಶುರುವಾದಾಗ ದೊಡ್ಡ ದೊಡ್ಡ ಆಟಗಾರರನ್ನ ಹರಾಜಿನಲ್ಲಿ ಕೊಂಡದ್ದು ಎಲ್ಲರಿಗೂ ನೆನಪಿದೆ. ಆದರೆ ಅದೇ ವರ್ಷ ಹತ್ತೊಂಬತ್ತರೊಳಗಿನ ಹುಡುಗರನ್ನ ಹಂಚಿಕೊಂಡದ್ದು ಹರಾಜಿನಲ್ಲಲ್ಲ, ಡ್ರಾಫ್ಟ್‌ನಲ್ಲಿ. ಮೊದಲ ಪಾಳಿ ದೆಹಲಿಯದು. ಅವರದೇ ಊರಿನ ಹುಡುಗ ವಿರಾಟ್ ಕೊಹ್ಲಿ ಕಣ್ಣೆದುರಿಗೇ ಇದ್ದ, ಆಗಷ್ಟೇ ಅಂಡರ್-19 ವಿಶ್ವಕಪ್ ಗೆದ್ದು ಬಂದ ತಂಡದ ನಾಯಕ. ಆದರೆ ದೆಹಲಿಯವರ ಬಳಿ ಸೆಹವಾಗ್, ಗಂಭೀರ್ ಅಂತ ಬ್ಯಾಟಿಂಗ್‌ಗೆ ಬರವೇ ಇರಲಿಲ್ಲ. ಬೇಕಿದ್ದದ್ದು ಬೌಲರ್. ಹಾಗಾಗಿ ಪ್ರದೀಪ್ ಸಾಂಗ್ವಾನ್ ಹೆಸರು ಕೂಗಿದರು. ಕೊಹ್ಲಿ ನಮ್ಮ ಬೆಂಗಳೂರಿನ ಪಾಲಾದ. ಮುಂದಿನದು ನಿಮಗೇ ಗೊತ್ತು. 2025ರಲ್ಲಿ ಕಪ್ಪೂ ಬಂತು!

ದೆಹಲಿಯವರು ದಡ್ಡರು ಅಂತ ನಗೋದು ಸುಲಭ. ಆದರೆ ಅವರ ಲೆಕ್ಕ ಅಷ್ಟು ತಪ್ಪೇ? ಇದ್ದದ್ದನ್ನೇ ಇನ್ನೊಂದು ತರೋದಕ್ಕಿಂತ ಇಲ್ಲದ್ದನ್ನ ತರೋದು ಜಾಣತನ ಅಂತ ಸಂತೆಗೆ ಹೋಗುವ ಯಾರನ್ನ ಕೇಳಿದರೂ ಹೇಳುತ್ತಾರೆ. ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಾವು ತಲುಪೋದು ಅಮೆರಿಕದ ಬಾಸ್ಟನ್‌ಗೆ. ಅಲ್ಲಿನ ಸೆಲ್ಟಿಕ್ಸ್ ಅನ್ನೋ ಬ್ಯಾಸ್ಕೆಟ್‌ಬಾಲ್ ತಂಡ 1956ರಲ್ಲಿ ಮಾಡಿದ ಒಂದು ಆಯ್ಕೆ ಆ ಆಟದ ಚರಿತ್ರೆಯನ್ನೇ ತಿರುಗಿಸಿಬಿಟ್ಟಿತು. ಇವತ್ತು ಅದರ ಕಥೆ.

ಮೊದಲು ಡ್ರಾಫ್ಟ್ ಅಂದರೇನು ಅಂತ ಎರಡು ಮಾತು. ನಮ್ಮ ಊರುಗಳಲ್ಲಿ ಕಬಡ್ಡಿಗೋ ಲಗೋರಿಗೋ ತಂಡ ಕಟ್ಟುವಾಗ ಇಬ್ಬರು ನಾಯಕರು ನಿಂತು ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆಯುತ್ತಿದ್ದರಲ್ಲ, ಅದೇ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು 1947ರಿಂದ ಇದೆ. ಆ ಕಾಲದಲ್ಲಿ ಕಾಲೇಜು ಮುಗಿಸಿದ ಹುಡುಗರ ಪಟ್ಟಿ ಇಟ್ಟುಕೊಂಡು ತಂಡಗಳು ಸರದಿಯ ಮೇಲೆ ಹೆಸರು ಕೂಗುತ್ತಿದ್ದವು. ಹಿಂದಿನ ವರ್ಷ ಕೆಟ್ಟದಾಗಿ ಸೋತವರಿಗೆ ಆಗ ಮೊದಲ ಪಾಳಿ, ಗೆದ್ದವರಿಗೆ ಕೊನೇ ಪಾಳಿ ಇರುತ್ತಿತ್ತು. ಉಳ್ಳವರೇ ಇನ್ನಷ್ಟು ಉಳ್ಳವರಾಗಬಾರದು ಅನ್ನೋ ಉದ್ದೇಶ. ಇದರಲ್ಲಿ ಮಜಾ ಏನಂದರೆ ಪಾಳಿಯೇ ಒಂದು ಆಸ್ತಿ. ಅದನ್ನ ಮಾರಬಹುದು, ಬದಲಾಯಿಸಿಕೊಳ್ಳಬಹುದು, ಎರಡು ವರ್ಷ ಮುಂದಿನ ಪಾಳಿಯನ್ನೂ ಇವತ್ತೇ ಬರೆಸಿಕೊಳ್ಳಬಹುದು.

ಹುಡುಗನಿಗೆ ಮಾತ್ರ ಆಯ್ಕೆ ಇಲ್ಲ. ಯಾವ ಊರು ಹೆಸರು ಕೂಗಿತೋ ಆ ಊರಿಗೆ ಗಂಟು ಕಟ್ಟಬೇಕು. ಬ್ಯಾಂಕಿನ ಟ್ರಾನ್ಸ್‌ಫರ್ ಆರ್ಡರ್ ಹಿಡಿದು ಭಾಷೆ ಗೊತ್ತಿಲ್ಲದ ಊರಲ್ಲಿ ರೈಲಿಳಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಈ ಮಾತನ್ನ ಒಂದು ಕಡೆ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ.

ಈಗ ನಮ್ಮ ಕಥಾನಾಯಕ. ಹೆಸರು ರೆಡ್ ಆಯರ್‌ಬಾಕ್. ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಮಿನ್ಸ್ಕ್ ಕಡೆಯಿಂದ ವಲಸೆ ಬಂದ ಯಹೂದಿ. 1950ರಲ್ಲಿ ಸೆಲ್ಟಿಕ್ಸ್‌ಗೆ ಕೋಚ್ ಆಗಿ ಬಂದರು. ತಂಡದ ಮಾಲೀಕ ವಾಲ್ಟರ್ ಬ್ರೌನ್. ಬಂದ ಕೂಡಲೇ ಬಾಸ್ಟನ್ ಜನ ಇವರ ಮೇಲೆ ಸಿಟ್ಟಾದರು. ಕಾರಣ ಬಾಬ್ ಕೂಸಿ. ಬಾಸ್ಟನ್ ಪಕ್ಕದ ವುಸ್ಟರ್‌ನ ಹೋಲಿ ಕ್ರಾಸ್ ಕಾಲೇಜಿನಲ್ಲಿ ಆಡುತ್ತಿದ್ದ ಕೂಸಿ ಜನರ ಕಣ್ಮಣಿ. ಆ ವರ್ಷ ಮೊದಲ ಪಾಳಿ ಸೆಲ್ಟಿಕ್ಸ್‌ನದೇ. ಆದರೆ ಆಯರ್‌ಬಾಕ್ ಕೂಗಿದ್ದು ಚಾರ್ಲಿ ಶೇರ್ ಅನ್ನೋ ಎತ್ತರದ ಆಟಗಾರನನ್ನ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ! ಆದರೆ ಕೂಸಿಯನ್ನ ಆರಿಸಿಕೊಂಡ ತಂಡ ಅವರನ್ನ ಶಿಕಾಗೋಗೆ ಬಿಟ್ಟುಕೊಟ್ಟಿತು, ಶಿಕಾಗೋ ತಂಡವೇ ಮುಚ್ಚಿಹೋಯಿತು. ಉಳಿದ ಮೂವರು ಒಳ್ಳೆ ಆಟಗಾರರ ಹೆಸರನ್ನ ಚೀಟಿಯಲ್ಲಿ ಬರೆದು ಟೋಪಿಯೊಳಗೆ ಹಾಕಿ ಮೂರು ತಂಡಗಳಿಗೆ ಎತ್ತಲು ಕೊಟ್ಟರು. ಬಾಸ್ಟನ್ನಿಗೆ ಬಂದದ್ದು ಕೂಸಿಯ ಚೀಟಿ. ಬೇಡ ಅಂದವನೇ ಮನೆಗೆ ಬಂದು ಮುಂದಿನ ಹದಿಮೂರು ವರ್ಷ ತಂಡವನ್ನ ಆಡಿಸಿದ.

ಅದೇ 1950ರ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಸೆಲ್ಟಿಕ್ಸ್ ಚಕ್ ಕೂಪರ್ ಹೆಸರು ಕೂಗಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕರಿಯ ಆಟಗಾರ ಆತ. ಚರಿತ್ರೆಯಲ್ಲಿ ಉಳಿಯುವ ಆಯ್ಕೆ.

ಸರಿ, 1956ಕ್ಕೆ ಬರೋಣ. ಆರು ವರ್ಷವಾದರೂ ಸೆಲ್ಟಿಕ್ಸ್ ಒಂದೂ ಚಾಂಪಿಯನ್‌ಶಿಪ್ ಗೆದ್ದಿರಲಿಲ್ಲ. ತಂಡವೇನೂ ಕಳಪೆಯಲ್ಲ. ಚೆಂಡು ಹಂಚುವುದರಲ್ಲಿ ಕೂಸಿಗೆ ಸಾಟಿಯಿಲ್ಲ, ಬಿಲ್ ಶಾರ್ಮನ್ ಗುರಿಗಾರ, ಎಡ್ ಮೆಕಾಲೆ ಹೆಸರಾಂತ ಸೆಂಟರ್. ಅಂಕಗಳ ಸುರಿಮಳೆ ಸುರಿಸುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನ ಮೇಲೆ ಹಾರಿ ಹಿಡಿಯೋದಕ್ಕೆ ರೀಬೌಂಡ್ ಅಂತಾರೆ. ಚೆಂಡು ಕೈಗೆ ಸಿಕ್ಕರೆ ತಾನೇ ಕೂಸಿ ಓಡೋದು? ಎದುರಾಳಿಯ ದೈತ್ಯರು ಆ ಚೆಂಡನ್ನೇ ಕಸಿದುಕೊಳ್ಳುತ್ತಿದ್ದರು.

ಆಯರ್‌ಬಾಕ್ ಕಣ್ಣಿಟ್ಟದ್ದು ಬಿಲ್ ರಸೆಲ್ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಹುಡುಗ. 1955 ಮತ್ತು 1956, ಎರಡು ವರ್ಷ ಸತತವಾಗಿ ತನ್ನ ಕಾಲೇಜಿಗೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವನು. ಆದರೆ ಪಂಡಿತರಿಗೆ ಅನುಮಾನ. ಇವನಿಗೆ ಬುಟ್ಟಿಗೆ ಚೆಂಡು ಹಾಕೋಕೇ ಸರಿಯಾಗಿ ಬರಲ್ಲವಲ್ಲ! ಆಟಗಾರನನ್ನ ಅವನು ಗಳಿಸಿದ ಅಂಕದಿಂದಲೇ ಅಳೆಯುತ್ತಿದ್ದ ಕಾಲ ಅದು. ರಸೆಲ್ ಮಾಡುತ್ತಿದ್ದ ಕೆಲಸಕ್ಕೆ ಆಗ ಲೆಕ್ಕವನ್ನೇ ಇಡುತ್ತಿರಲಿಲ್ಲ. ಎದುರಾಳಿ ಎಸೆದ ಚೆಂಡನ್ನ ಗಾಳಿಯಲ್ಲೇ ತಡೆಯೋದು, ತಡೆದದ್ದನ್ನ ಹೊರಗೆ ಬಡಿದು ಕಳಿಸದೆ ಮೆಲ್ಲಗೆ ತಟ್ಟಿ ತನ್ನವರ ಕೈಗೇ ಕೊಡೋದು. ಬ್ಲಾಕ್ ಅನ್ನೋದನ್ನ ಎನ್‌ಬಿಎ ಅಧಿಕೃತವಾಗಿ ಎಣಿಸೋಕೆ ಶುರು ಮಾಡಿದ್ದು 1973ರಲ್ಲಿ. ಅಷ್ಟರಲ್ಲಿ ರಸೆಲ್ ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದಿತ್ತು.

ಇರಲಿ. ರಸೆಲ್ ಬೇಕು ಅಂದರೆ ಎರಡು ಬೇಲಿ ದಾಟಬೇಕಿತ್ತು. ಮೊದಲ ಪಾಳಿ ರೋಚೆಸ್ಟರ್ ರಾಯಲ್ಸ್‌ನದು, ಎರಡನೆಯದು ಸೇಂಟ್ ಲೂಯಿಸ್ ಹಾಕ್ಸ್‌ನದು. ಬಾಸ್ಟನ್ ಸರದಿ ಬಹಳ ಕೆಳಗೆ.

ಎರಡನೇ ಬೇಲಿ ಮೊದಲು. ಸೇಂಟ್ ಲೂಯಿಸ್ ಮಾಲೀಕ ಬೆನ್ ಕರ್ನರ್‌ಗೆ ಆಯರ್‌ಬಾಕ್ ಎಡ್ ಮೆಕಾಲೆಯನ್ನ ಕೊಡೋಕೆ ಮುಂದಾದರು. ಮೆಕಾಲೆ ಸೇಂಟ್ ಲೂಯಿಸ್‌ನವರೇ, ಅಲ್ಲಿ ಅವರ ಹೆಸರಿಗೇ ಟಿಕೆಟ್ ಮಾರಾಟವಾಗುತ್ತದೆ. ಆದರೆ ಬಾಸ್ಟನ್ ಮಾಲೀಕ ಬ್ರೌನ್‌ಗೆ ಮೆಕಾಲೆ ಅಂದರೆ ಬಹಳ ಪ್ರೀತಿ, ಕಳಿಸೋಕೆ ಮನಸ್ಸಿಲ್ಲ. ಆಗ ಮೆಕಾಲೆಯೇ ಬ್ರೌನ್‌ಗೆ ಹೇಳಿದರಂತೆ, ನನ್ನನ್ನ ಕಳಿಸಿಬಿಡಿ ಅಂತ. ಅವರ ಪುಟ್ಟ ಮಗುವಿಗೆ ಮೆನಿಂಜೈಟಿಸ್ ಆಗಿ, ಚಿಕಿತ್ಸೆ ಸೇಂಟ್ ಲೂಯಿಸ್‌ನಲ್ಲಿ ನಡೆಯುತ್ತಿತ್ತು. ಅಪ್ಪನಿಗೆ ಊರಿಗೆ ಹೋಗಬೇಕಿತ್ತು. ಬ್ಯಾಸ್ಕೆಟ್‌ಬಾಲ್ ಚರಿತ್ರೆಯ ಅತಿ ದೊಡ್ಡ ವಿನಿಮಯದ ನಡುವೆ ಒಂದು ಕಾಯಿಲೆಯ ಕೂಸು ಇದೆ ಅನ್ನೋದನ್ನ ಅಂಕಿ ಅಂಶಗಳ ಪುಸ್ತಕ ಹೇಳುವುದಿಲ್ಲ.

ಕರ್ನರ್ ಅಷ್ಟಕ್ಕೇ ಒಪ್ಪಲಿಲ್ಲ, ಕ್ಲಿಫ್ ಹೇಗನ್ ಕೂಡ ಬೇಕು ಅಂದರು. ಹೇಗನ್‌ನನ್ನ ಸೆಲ್ಟಿಕ್ಸ್ ಆರಿಸಿಕೊಂಡದ್ದು 1953ರಲ್ಲಿ, ಅವನಿನ್ನೂ ಕೆಂಟಕಿ ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡಲಿಕ್ಕಿರುವಾಗಲೇ. ಅವನ ಜೊತೆ ಸೇರಿದ ತಂಡ ಪದವಿಯ ವರ್ಷ ಮುಟ್ಟಿದ್ದರಿಂದ ಆರಿಸಬಹುದು ಅಂತ ನಿಯಮದಲ್ಲಿ ಒಂದು ಸಂದಿ ಇತ್ತು. ಕಾಲೇಜಾಯಿತು, ಸೈನ್ಯದ ಸೇವೆಯಾಯಿತು, ಸೆಲ್ಟಿಕ್ಸ್‌ಗೆ ಒಂದು ಪಂದ್ಯವನ್ನೂ ಆಡದೆ ಹೇಗನ್ ಮಾರಾಟವಾದ! ಹೀಗೆ ಎರಡನೇ ಪಾಳಿ ಬಾಸ್ಟನ್‌ಗೆ ಬಂತು.

ಉಳಿದದ್ದು ರೋಚೆಸ್ಟರ್. ಅವರ ಮಾಲೀಕ ಲೆಸ್ ಹ್ಯಾರಿಸನ್ ರಸೆಲ್‌ನನ್ನ ಯಾಕೆ ಬಿಟ್ಟರು? ಬ್ರೌನ್ ಐಸ್ ಕೆಪೇಡ್ಸ್ ಅನ್ನೋ ಜನಪ್ರಿಯ ಐಸ್ ಸ್ಕೇಟಿಂಗ್ ಪ್ರದರ್ಶನದ ಉಸ್ತುವಾರಿಯನ್ನೂ ನೋಡುತ್ತಿದ್ದರು, ಅದನ್ನ ರೋಚೆಸ್ಟರ್‌ಗೆ ಕಳಿಸಿಕೊಡ್ತೀನಿ, ರಸೆಲ್‌ನನ್ನ ಬಿಟ್ಟುಬಿಡಿ ಅಂತ ಒಪ್ಪಂದ ಮಾಡಿಕೊಂಡರು ಅನ್ನೋದು ಬಾಯಿಂದ ಬಾಯಿಗೆ ಬಂದ ಕಥೆ. ಅದಿಲ್ಲದೆಯೂ ಹ್ಯಾರಿಸನ್‌ಗೆ ಕಾರಣಗಳಿದ್ದವು. ರಸೆಲ್‌ಗೆ ಹೆಚ್ಚು ಹಣ ಕೊಡಬೇಕಿತ್ತು, ಚಿಕ್ಕ ಊರಿನ ತಂಡಕ್ಕೆ ಅದು ಭಾರ. ಮೇಲಾಗಿ ಅವರ ಬಳಿ ಮಾರಿಸ್ ಸ್ಟೋಕ್ಸ್ ಅನ್ನೋ ಅದ್ಭುತ ರೀಬೌಂಡರ್ ಆಗಲೇ ಇದ್ದ. ಇದ್ದದ್ದನ್ನೇ ಇನ್ನೊಂದು ಯಾಕೆ? ದೆಹಲಿಯ ಲೆಕ್ಕವೇ ನೋಡಿ! ರೋಚೆಸ್ಟರ್ ಸಿಹ್ಯೂಗೊ ಗ್ರೀನ್‌ನನ್ನ ಕೂಗಿತು.

1956ರ ಏಪ್ರಿಲ್ 30ರಂದು ಆ ಡ್ರಾಫ್ಟ್ ಮುಗಿದಾಗ ಬಾಸ್ಟನ್ ಬುಟ್ಟಿಯಲ್ಲಿ ಮೂವರಿದ್ದರು. ರಸೆಲ್ ಒಬ್ಬ. ತಮ್ಮೂರ ಸುತ್ತಲ ಕಾಲೇಜಿನ ಹುಡುಗನನ್ನ ಮೊದಲ ಸುತ್ತಿನ ಪಾಳಿಗೆ ಬದಲಾಗಿ ನೇರವಾಗಿ ತೆಗೆದುಕೊಳ್ಳುವ ಸವಲತ್ತು ಆಗ ಇತ್ತು. ಅದರಲ್ಲಿ ಹೋಲಿ ಕ್ರಾಸ್‌ನ ಟಾಮ್ ಹೈನ್‌ಸನ್ ಬಂದ. ಎರಡನೇ ಸುತ್ತಿನಲ್ಲಿ ರಸೆಲ್‌ನ ಕಾಲೇಜು ಜೊತೆಗಾರ ಕೆ.ಸಿ. ಜೋನ್ಸ್. ಮೂವರ ಹೆಸರೂ ಮುಂದೆ ಹಾಲ್ ಆಫ್ ಫೇಮ್ ಸೇರಿತು.

ರಸೆಲ್ ಆ ವರ್ಷದ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಡಿಸೆಂಬರ್‌ನಲ್ಲಿ ತಂಡ ಸೇರಿಕೊಂಡ. 1957ರ ಏಪ್ರಿಲ್ 13ರಂದು ಫೈನಲ್‌ನ ಏಳನೇ ಪಂದ್ಯ. ಎದುರಾಳಿ ಯಾರು ಗೊತ್ತೇ? ಅದೇ ಸೇಂಟ್ ಲೂಯಿಸ್, ಅದೇ ಮೆಕಾಲೆ, ಅದೇ ಹೇಗನ್. ಎರಡು ಸಲ ಹೆಚ್ಚುವರಿ ಸಮಯಕ್ಕೆ ಹೋದ ಪಂದ್ಯವನ್ನ ಬಾಸ್ಟನ್ 125-123ರಿಂದ ಗೆದ್ದಿತು. ಹೈನ್‌ಸನ್ 37 ಅಂಕ, ರಸೆಲ್ 32 ರೀಬೌಂಡ್. ಮರುವರ್ಷ ಸೇಂಟ್ ಲೂಯಿಸ್ ಸೇಡು ತೀರಿಸಿಕೊಂಡಿತು, ಅಂದರೆ ಕರ್ನರ್ ಏನೂ ಮೋಸ ಹೋಗಿರಲಿಲ್ಲ. ಆಮೇಲೆ ಮಾತ್ರ 1959ರಿಂದ 1966ರವರೆಗೆ ಸತತ ಎಂಟು ವರ್ಷ ಬಾಸ್ಟನ್. ರಸೆಲ್ ಆಡಿದ ಹದಿಮೂರು ವರ್ಷದಲ್ಲಿ ಹನ್ನೊಂದು ಚಾಂಪಿಯನ್‌ಶಿಪ್.

ಹಾಗಾದರೆ ದೆಹಲಿ, ರೋಚೆಸ್ಟರ್ ಮಾಡಿದ್ದೂ ಕೊರತೆ ತುಂಬಿಸುವ ಲೆಕ್ಕ, ಬಾಸ್ಟನ್ ಮಾಡಿದ್ದೂ ಅದೇ. ವ್ಯತ್ಯಾಸ ಎಲ್ಲಿದೆ? ನನಗೆ ತೋಚೋದು ಇಷ್ಟು. ರೋಚೆಸ್ಟರ್ ಇದ್ದ ಮನೆಗೆ ಹೊಂದುವ ಕುರ್ಚಿ ಹುಡುಕಿತು. ಆಯರ್‌ಬಾಕ್ ಒಬ್ಬ ಮನುಷ್ಯನನ್ನ ನೋಡಿ ಅವನ ಸುತ್ತ ಮನೆಯನ್ನೇ ಮತ್ತೆ ಕಟ್ಟಿದರು. ಸೆಂಟರ್ ಜಾಗದಲ್ಲಿ ಒಳ್ಳೆಯ ಆಟಗಾರ ಇದ್ದಾಗಲೇ ಅವನನ್ನ ಕೊಟ್ಟು, ಅಂಕ ಗಳಿಸದ ಹುಡುಗನನ್ನ ತಂದರು. ನೀನು ಅಂಕದ ಚಿಂತೆ ಬಿಡು, ಚೆಂಡು ತಂದುಕೊಡು ಸಾಕು ಅಂದರು. ಜೊತೆಗೆ ಅದೃಷ್ಟ! ರೋಚೆಸ್ಟರ್ ನಂಬಿಕೊಂಡಿದ್ದ ಸ್ಟೋಕ್ಸ್ 1958ರ ಮಾರ್ಚ್‌ನಲ್ಲಿ ಪಂದ್ಯವೊಂದರಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಕೆಲವೇ ದಿನಗಳಲ್ಲಿ ಪಾರ್ಶ್ವವಾಯುವಿಗೆ ತುತ್ತಾದ. ಮತ್ತೆ ಆಡಲೇ ಇಲ್ಲ. ಜೊತೆ ಆಟಗಾರ ಜ್ಯಾಕ್ ಟ್ವೈಮನ್ ಕಾನೂನು ಪ್ರಕಾರ ಪೋಷಕನಾಗಿ 1970ರಲ್ಲಿ ಸ್ಟೋಕ್ಸ್ ಸಾಯುವವರೆಗೆ ನೋಡಿಕೊಂಡ. ಹ್ಯಾರಿಸನ್ ಲೆಕ್ಕ ತಪ್ಪಿದ್ದಕ್ಕೆ ಹ್ಯಾರಿಸನ್‌ರನ್ನ ಬೈಯೋದು ಹೇಗೆ, ಹೇಳಿ?

ಆಯರ್‌ಬಾಕ್ ಮುಂದೆ ಜನರಲ್ ಮ್ಯಾನೇಜರ್ ಆಗಿಯೂ ಇದೇ ಚದುರಂಗ ಆಡಿದರು. 1978ರಲ್ಲಿ ಅದೇ ಹಳೆಯ ಸಂದಿಯಲ್ಲಿ ತೂರಿ, ಇನ್ನೊಂದು ವರ್ಷ ಕಾಲೇಜಿನಲ್ಲೇ ಇರ್ತೀನಿ ಅಂದ ಲ್ಯಾರಿ ಬರ್ಡ್‌ನನ್ನ ಆರನೇ ಪಾಳಿಯಲ್ಲಿ ಆರಿಸಿಕೊಂಡರು. ಐದು ತಂಡಗಳು ಅವನನ್ನ ಬಿಟ್ಟು ಮುಂದೆ ಹೋಗಿದ್ದವು. ವರ್ಷ ಕಾಯೋಕೆ ಅವುಗಳಿಗೆ ಪುರುಸೊತ್ತಿರಲಿಲ್ಲ. ಬರ್ಡ್ ಬರುವ ಮುಂಚಿನ ವರ್ಷ ಸೆಲ್ಟಿಕ್ಸ್ ಗೆದ್ದದ್ದು 29 ಪಂದ್ಯ, ಬಂದ ವರ್ಷ 61. 1980ರಲ್ಲಿ ಮೊದಲ ಪಾಳಿಯೇ ಕೈಯಲ್ಲಿತ್ತು. ಅದನ್ನೂ 13ನೆಯದನ್ನೂ ಗೋಲ್ಡನ್ ಸ್ಟೇಟ್‌ಗೆ ಕೊಟ್ಟು ರಾಬರ್ಟ್ ಪ್ಯಾರಿಶ್‌ನನ್ನ, ಜೊತೆಗೆ ಮೂರನೇ ಪಾಳಿಯನ್ನ ತೆಗೆದುಕೊಂಡರು. ಆ ಮೂರನೇ ಪಾಳಿಯಲ್ಲಿ ಬಂದವನು ಕೆವಿನ್ ಮೆಕ್‌ಹೇಲ್. ಬರ್ಡ್, ಪ್ಯಾರಿಶ್, ಮೆಕ್‌ಹೇಲ್ ತ್ರಿಮೂರ್ತಿಗಳು ಸೇರಿ 1981, 1984, 1986ರಲ್ಲಿ ಗೆದ್ದರು.

1986ರಲ್ಲಿ ಗೆದ್ದ ತಂಡಕ್ಕೆ, ಹಿಂದೆ ಸಿಯಾಟಲ್‌ನಿಂದ ಬರೆಸಿಕೊಂಡಿದ್ದ ಪಾಳಿ ಎರಡನೆಯದಾಗಿ ಒಲಿಯಿತು. ಮೇರಿಲ್ಯಾಂಡ್‌ನ ಲೆನ್ ಬಯಸ್‌ನನ್ನ ಕೂಗಿದರು. ಇನ್ನು ಹತ್ತು ವರ್ಷ ಬಾಸ್ಟನ್ ಅನ್ನ ಮುಟ್ಟುವವರಿಲ್ಲ ಅಂತ ಎಲ್ಲರೂ ಅಂದುಕೊಂಡರು. ಡ್ರಾಫ್ಟ್ ನಡೆದದ್ದು ಜೂನ್ 17. ಜೂನ್ 19ರ ಬೆಳಗ್ಗೆ ಕೊಕೇನ್‌ನಿಂದ ಹೃದಯ ನಿಂತು ಬಯಸ್ ತೀರಿಹೋದ. ವಯಸ್ಸು 22. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಗಾದೆಯನ್ನ ಇಂಥ ಕಡೆ ಹೇಳೋಕೂ ನಾಲಿಗೆ ಏಳಲ್ಲ. ತುತ್ತು ಅನ್ನೋದು ತಂಡಕ್ಕೆ, ಆ ತಾಯಿಗೆ ಅವನು ಮಗ. ಆ ಸಾವಿನ ಗದ್ದಲದಲ್ಲಿ ಅಮೆರಿಕದ ಸಂಸತ್ತು ಅದೇ ವರ್ಷ ಮಾದಕ ವಸ್ತುಗಳ ಮೇಲೆ ಕಠಿಣ ಕಾನೂನು ತಂದಿತು. 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಪುಡಿ ಕೊಕೇನ್‌ಗೂ ಒಂದೇ ಕನಿಷ್ಠ ಶಿಕ್ಷೆ, ಐದು ವರ್ಷ. ಕ್ರ್ಯಾಕ್ ಪ್ರಕರಣಗಳಲ್ಲಿ ಜೈಲು ಸೇರಿದವರಲ್ಲಿ ಬಹುಪಾಲು ಕರಿಯರು. ಆ ತಾರತಮ್ಯವನ್ನ ತಗ್ಗಿಸೋಕೆ 2010ರವರೆಗೆ ಕಾಯಬೇಕಾಯಿತು. ಸೆಲ್ಟಿಕ್ಸ್ ಮತ್ತೆ ಗೆದ್ದದ್ದು 2008ರಲ್ಲಿ, 22 ವರ್ಷದ ಮೇಲೆ.

ಆಯರ್‌ಬಾಕ್ 2006ರಲ್ಲಿ ತೀರಿಕೊಂಡರು. ಅವರ ಪಾಠ ಮಾತ್ರ ಉಳಿದಿದೆ. 2017ರಲ್ಲಿ ಡ್ಯಾನಿ ಏಂಜ್ ಮೊದಲ ಪಾಳಿಯನ್ನ ಫಿಲಡೆಲ್ಫಿಯಾಗೆ ಕೊಟ್ಟು ಮೂರಕ್ಕೆ ಇಳಿದು ಜೇಸನ್ ಟೇಟಮ್‌ನನ್ನ ಆರಿಸಿದರು. 2024ರಲ್ಲಿ 18ನೇ ಚಾಂಪಿಯನ್‌ಶಿಪ್ ಬಂತು.

ಇಷ್ಟೆಲ್ಲ ಜಾಣತನದ ಕಥೆ ಆಯಿತು. ಈಗ ಮೊದಲು ಒಂದು ಕಡೆ ಇಟ್ಟ ಮಾತನ್ನ ತೆಗೆಯೋಣ. ಆರಿಸಿಕೊಂಡ ಊರು ಆರಿಸಿದವನನ್ನ ಹೇಗೆ ನೋಡಿಕೊಂಡಿತು?

ರಸೆಲ್ ಬಾಸ್ಟನ್ ಪಕ್ಕದ ರೀಡಿಂಗ್ ಅನ್ನೋ ಊರಲ್ಲಿ ಮನೆ ಮಾಡಿದ್ದ. ಊರವರು ಸನ್ಮಾನವನ್ನೂ ಮಾಡಿದರು. ಆದರೆ ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಮನೆ ಕೊಳ್ಳೋಕೆ ಹೊರಟಾಗ ಅಲ್ಲಿನ ಜನ ಅಡ್ಡಿ ಮಾಡಿದರು. ಒಮ್ಮೆ ಸಂಸಾರ ಹೊರಗೆ ಹೋದಾಗ ಯಾರೋ ಮನೆಗೆ ನುಗ್ಗಿ, ಗೋಡೆಯ ಮೇಲೆ ಜಾತಿನಿಂದೆಯಂಥ ಬೈಗುಳ ಬರೆದು, ಹಾಸಿಗೆಯಲ್ಲಿ ಹೊಲಸು ಮಾಡಿ ಹೋದರು ಅಂತ ಮಗಳು ಕ್ಯಾರೆನ್ ಮುಂದೆ ಬರೆದಿದ್ದಾರೆ. ವರ್ಷ ವರ್ಷ ಕಪ್ ಗೆದ್ದರೂ ಎಷ್ಟೋ ಪಂದ್ಯಗಳಿಗೆ ಬಾಸ್ಟನ್ ಗಾರ್ಡನ್ ತುಂಬುತ್ತಿರಲಿಲ್ಲ. 1966ರಲ್ಲಿ ಆಯರ್‌ಬಾಕ್ ಕೋಚ್ ಪಟ್ಟವನ್ನ ರಸೆಲ್‌ಗೇ ಕೊಟ್ಟರು, ಎನ್‌ಬಿಎಯ ಮೊದಲ ಕರಿಯ ಕೋಚ್. 1972ರಲ್ಲಿ ಗೌರವಾರ್ಥ ಆರನೇ ನಂಬರಿನ ಜೆರ್ಸಿಯನ್ನ ಮೇಲೇರಿಸುವಾಗ ರಸೆಲ್ ಹಾಕಿದ ಷರತ್ತು, ಪ್ರೇಕ್ಷಕರು ಒಳಗೆ ಬರುವ ಮುಂಚೆಯೇ ಆಗಬೇಕು ಅಂತ. ಹಾಗೇ ಆಯಿತು. ಖಾಲಿ ಕುರ್ಚಿಗಳ ನಡುವೆ, ಕೆಲವೇ ಜೊತೆಗಾರರ ಎದುರು. ತಂಡಕ್ಕಾಗಿ ಆಡಿದ್ದೇನೆ, ಊರಿಗಾಗಿ ಅಲ್ಲ ಅನ್ನೋ ಭಾವ ಅದರಲ್ಲಿ ಇತ್ತು.

ನನಗಿದು ತೀರ ದೂರದ ಕಥೆ ಅನ್ನಿಸೋದಿಲ್ಲ. ಅದೇ 1966ರ ನಂತರದ ವರ್ಷಗಳಲ್ಲಿ ಈ ಮುಂಬಯಿಯಲ್ಲಿ ‘ಮದ್ರಾಸಿ’ಗಳ ವಿರುದ್ಧ ಕೂಗೆದ್ದಾಗ ನಮ್ಮ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದನ್ನ ಇಲ್ಲಿನ ಹಿರಿಯರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಇಡ್ಲಿ ಬೇಕು, ಇಡ್ಲಿ ಮಾಡುವವನು ಬೇಡ! ರಸೆಲ್ ಪಟ್ಟದ್ದಕ್ಕೆ ನಮ್ಮದನ್ನ ಹೋಲಿಸೋಕೆ ಆಗಲ್ಲ, ಅವರ ಬೆನ್ನ ಹಿಂದೆ ಗುಲಾಮಗಿರಿಯ ಚರಿತ್ರೆ ಇತ್ತು. ಆದರೂ ಕೆಲಸಕ್ಕೆ ಆರಿಸೋದು ಬೇರೆ, ನೆರೆಯವನಾಗಿ ಒಪ್ಪೋದು ಬೇರೆ ಅನ್ನೋದು ಹೊರನಾಡಿನಲ್ಲಿ ಮನೆ ಹುಡುಕಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ನಮ್ಮ ಬೆಂಗಳೂರಿಗೆ ಬಿಹಾರದಿಂದ, ಅಸ್ಸಾಮಿನಿಂದ ಬಂದ ಹುಡುಗರನ್ನ ನಾವು ಹೇಗೆ ಕಾಣುತ್ತೇವೆ ಅಂತಲೂ ಕೇಳಿಕೊಳ್ಳಬೇಕಲ್ಲ?

ಬಾಸ್ಟನ್ ನಿಧಾನಕ್ಕೆ ಕಲಿಯಿತು. 1999ರಲ್ಲಿ ಅವರ ಜೆರ್ಸಿಯನ್ನ ಮತ್ತೊಮ್ಮೆ, ಈ ಸಲ ತುಂಬಿದ ಸಭೆಯಲ್ಲಿ ಮೇಲೇರಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರೆ ರಸೆಲ್ ಕಣ್ಣಲ್ಲಿ ನೀರಿತ್ತು. 2013ರಲ್ಲಿ ಸಿಟಿ ಹಾಲ್ ಬಳಿ ಪ್ರತಿಮೆ ನಿಲ್ಲಿಸಿದರು. 2022ರ ಜುಲೈ 31ರಂದು ಅವರು ತೀರಿಕೊಂಡ ಮೇಲೆ ಆರನೇ ನಂಬರನ್ನ ಇನ್ನು ಯಾವ ತಂಡವೂ ಹೊಸಬರಿಗೆ ಕೊಡಕೂಡದು ಅಂತ ಎನ್‌ಬಿಎ ತೀರ್ಮಾನಿಸಿತು.

ಮುಂದಿನ ಸಲ ಜೂನ್ ತಿಂಗಳಲ್ಲಿ ಟಿವಿಯಲ್ಲಿ ಆ ಡ್ರಾಫ್ಟ್ ಬಂದರೆ, ಹೊಸ ಸೂಟು ಹಾಕಿಕೊಂಡು ತಾಯಿಯ ಪಕ್ಕ ಕುಳಿತ ಆ ಉದ್ದುದ್ದ ಹುಡುಗರ ಮುಖ ನೋಡಿ. ಯಾವ ತಂಡ ಜಾಣತನ ತೋರಿಸಿತು ಅಂತ ಪಂಡಿತರು ಅವತ್ತೇ ಅಂಕ ಹಾಕಿಬಿಡುತ್ತಾರೆ. ಯಾವ ಊರು ಆ ಹುಡುಗನಿಗೆ ಮನೆಯಾಯಿತು ಅಂತ ತಿಳಿಯೋಕೆ ಮಾತ್ರ ಒಂದು ಆಯುಷ್ಯ ಬೇಕಾಗುತ್ತದೆ. ಏನಂತೀರಿ?